ನೆರೆಹೊರೆಯ ಸರ್ಕಾರಗಳು ಸೇರಿ ಸಹಕಾರ ಮಂಡಳಿ ಕಟ್ಟುವುದು ಹೇಗೆ?

"ನಾಲ್ಕು ಸರ್ಕಾರಗಳು ಅಕ್ಕಪಕ್ಕ ಇವೆ. ನದಿ ಒಂದೇ, ರಸ್ತೆ ಒಂದೇ, ರೋಗ ಹರಡುವ ಸೊಳ್ಳೆಯೂ ಒಂದೇ. ಸೇರಿ ಒಂದು ಮಂಡಳಿ ಮಾಡಿಕೊಂಡರೆ ಒಳ್ಳೆಯದಲ್ವಾ? ಎಲ್ಲಿಂದ ಶುರು ಮಾಡಬೇಕು?" ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಸ್ಥಳೀಯ ಸಂಸ್ಥೆಗಳ ಅಧಿಕಾರಿಗಳಿದ್ದಾರೆ, ರಾಜ್ಯಮಟ್ಟದ ಇಲಾಖೆಗಳವರಿದ್ದಾರೆ, ಗಡಿಭಾಗದಲ್ಲಿ ಕೆಲಸ ಮಾಡುವ ಸಂಘಟನೆಗಳವರೂ ಇದ್ದಾರೆ. ಹೆಚ್ಚಿನವರು ಕೊನೆಗೆ ಕೇಳುವುದು ಒಂದನ್ನೇ: "ಸನ್ನದಿನ ಮಾದರಿ ಒಂದಿದ್ದರೆ ಕೊಡಿ."

ಸನ್ನದು ಅಂದರೆ ಮಂಡಳಿಯ ಮೂಲ ದಾಖಲೆ. ಉದ್ದೇಶ, ಸದಸ್ಯರು, ಅಧಿಕಾರ, ನಿಯಮ ಎಲ್ಲ ಅದರಲ್ಲಿರುತ್ತದೆ. ಅದನ್ನು ಬರೆಯುವುದು ಅಂಥ ಕಷ್ಟದ ಕೆಲಸವೇನಲ್ಲ. ಕಷ್ಟ ಬೇರೆ ಕಡೆ ಇದೆ. ಒಂದು ಸಭೆಗೂ ಇನ್ನೊಂದು ಸಭೆಗೂ ನಡುವೆ ಆರು ತಿಂಗಳೋ ಒಂದು ವರ್ಷವೋ ಇರುತ್ತದೆ. ಅಷ್ಟೂ ದಿನ ಫೈಲು ಯಾರ ಮೇಜಿನ ಮೇಲಿರುತ್ತದೆ? ಇದಕ್ಕೆ ಉತ್ತರ ಇಟ್ಟುಕೊಳ್ಳದ ಮಂಡಳಿ ಉದ್ಘಾಟನೆಯ ಫೋಟೊದಲ್ಲಿ ಮಾತ್ರ ಉಳಿಯುತ್ತದೆ. ಕೆಳಗಿನ ಹಂತಗಳನ್ನು ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಇಲ್ಲಿ "ಸರ್ಕಾರ" ಅಂದಾಗ ದೇಶ, ರಾಜ್ಯ, ನಗರಸಭೆ ಯಾವುದಾದರೂ ಆಗಬಹುದು. ವ್ಯತ್ಯಾಸ ಇರುವಲ್ಲಿ ಬಿಡಿಸಿ ಹೇಳಿದ್ದೇನೆ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

- ಒಬ್ಬರೇ ಬಗೆಹರಿಸಲಾಗದ, ಎಲ್ಲರಿಗೂ ಕಾಡುತ್ತಿರುವ ಒಂದು ಸಮಸ್ಯೆ.
- ಪ್ರತಿ ಸರ್ಕಾರದಲ್ಲೂ ಇದನ್ನು ಬೆನ್ನುಹತ್ತುವ ಒಬ್ಬ ಹಿರಿಯ ಅಧಿಕಾರಿ. ಇಲಾಖೆಯ ಹೆಸರು ಸಾಲದು, ವ್ಯಕ್ತಿಯ ಹೆಸರು ಬೇಕು.
- ಮಾತುಕತೆ ಶುರು ಮಾಡಲು ರಾಜಕೀಯ ನಾಯಕತ್ವದ ಒಪ್ಪಿಗೆ, ಅದೂ ಬರವಣಿಗೆಯಲ್ಲಿ. ಫೋನಿನಲ್ಲಿ ಸಿಕ್ಕ ಒಪ್ಪಿಗೆ ಚುನಾವಣೆ ಆದ ಮೇಲೆ ಯಾರಿಗೂ ನೆನಪಿರುವುದಿಲ್ಲ.
- ಮೊದಲ ಎರಡು ವರ್ಷಕ್ಕೆ ಸಾಲುವಷ್ಟು ಹಣ.

ಇವುಗಳಲ್ಲಿ ಎರಡನೆಯದು ಇಲ್ಲದಿದ್ದರೆ ಸ್ವಲ್ಪ ಕಾಯಿರಿ. ಉಳಿದವನ್ನು ಹೇಗಾದರೂ ಹೊಂದಿಸಬಹುದು.

ಹಂತ 1: ಒಂದೇ ಒಂದು ಕೆಲಸ ಆರಿಸಿ

"ಎಲ್ಲ ಕ್ಷೇತ್ರಗಳಲ್ಲಿ ಸಹಕಾರ" ಎಂಬ ಉದ್ದೇಶ ಕೇಳಲು ಚೆನ್ನಾಗಿರುತ್ತದೆ. ಅದರ ಮೇಲೆ ಸಭೆ ಕರೆದರೆ ಯಾವ ಇಲಾಖೆ ಬರಬೇಕು ಎಂಬುದೇ ಗೊತ್ತಾಗುವುದಿಲ್ಲ. ಉದ್ದೇಶ ಸಣ್ಣದಾಗಿದ್ದಷ್ಟೂ ಮಂಡಳಿಗೆ ಆಯಸ್ಸು ಜಾಸ್ತಿ.

ರೈನ್ ನದಿಯ ಆಯೋಗವನ್ನು ನೋಡಿ. 1815ರ ವಿಯೆನ್ನಾ ಸಮಾವೇಶದಲ್ಲಿ ಅದಕ್ಕೆ ಅಡಿಪಾಯ ಬಿತ್ತು. ಅದಕ್ಕೆ ಕೊಟ್ಟ ಕೆಲಸ ನದಿಯ ಮೇಲೆ ಹಡಗು ಸಂಚಾರದ ನಿಯಮ ನೋಡಿಕೊಳ್ಳುವುದು, ಅಷ್ಟೇ. ಆಮೇಲೆ ಯುರೋಪಿನ ನಕ್ಷೆ ಎಷ್ಟೋ ಸಲ ಬದಲಾಯಿತು. ಎರಡು ಮಹಾಯುದ್ಧಗಳಲ್ಲಿ ಇದೇ ನದಿಯ ಎರಡು ದಡದವರು ಎದುರಾಬದುರು ನಿಂತರು. ಆಯೋಗ ಇವತ್ತಿಗೂ ಸ್ಟ್ರಾಸ್‌ಬರ್ಗ್‌ನಲ್ಲಿ ಕೆಲಸ ಮಾಡುತ್ತಿದೆ. ಯುದ್ಧ ಮುಗಿದ ಮೇಲೂ ದೋಣಿಗಳು ಓಡಲೇಬೇಕಿತ್ತು.

ನೀವು ಆರಿಸಿದ ಕೆಲಸ ಸರಿಯೇ ಎಂದು ನೋಡಲು ಮೂರು ಪ್ರಶ್ನೆ ಹಾಕಿಕೊಳ್ಳಿ. ಇದರಿಂದ ಪ್ರತಿ ಸರ್ಕಾರಕ್ಕೂ ಏನಾದರೂ ಸಿಗುತ್ತದೆಯೇ? ಒಂದು ವರ್ಷದಲ್ಲಿ ಕಣ್ಣಿಗೆ ಕಾಣುವ ಫಲ ಬರುತ್ತದೆಯೇ? ಇದನ್ನು ಮಾಡುವ ಅಧಿಕಾರ ಈ ಸರ್ಕಾರಗಳ ಕೈಯಲ್ಲೇ ಇದೆಯೇ? ಮೂರನೆಯ ಪ್ರಶ್ನೆಯನ್ನು ಮರೆತು ಎಡವುವವರೇ ಜಾಸ್ತಿ. ಎರಡು ನಗರಸಭೆಗಳು ಸೇರಿ ರೈಲು ವೇಳಾಪಟ್ಟಿ ಬದಲಿಸುವ ಮಂಡಳಿ ಮಾಡಿಕೊಂಡರೆ ಅದು ಮನವಿ ಸಲ್ಲಿಸುವ ಸಮಿತಿಯಾಗುತ್ತದೆ.

ಈ ಹಂತದಲ್ಲೇ ಇನ್ನೊಂದು ಕೆಲಸ ಮುಗಿಸಿಬಿಡಿ. ಈಗಾಗಲೇ ಇರುವ ಒಪ್ಪಂದಗಳು, ಜಂಟಿ ಸಮಿತಿಗಳು, ನಿಂತುಹೋದ ಮಾತುಕತೆಗಳು ಎಲ್ಲದರ ಒಂದು ಪಟ್ಟಿ ಮಾಡಿ. ಎಷ್ಟೋ ಕಡೆ ಬೇಕಾದ ಸಮಿತಿ ಕಾಗದದ ಮೇಲೆ ಆಗಲೇ ಇರುತ್ತದೆ, ಯಾರೂ ಕರೆದಿರುವುದಿಲ್ಲ. ಹೊಸದನ್ನು ಕಟ್ಟುವುದಕ್ಕಿಂತ ಅದನ್ನು ಎಬ್ಬಿಸುವುದು ಸುಲಭ.

ಹಂತ 2: ಕಾನೂನಿನ ನೆಲೆ ನೋಡಿಕೊಳ್ಳಿ

ಮಂಡಳಿ ಯಾವ ಕಾನೂನಿನ ಮೇಲೆ ನಿಲ್ಲುತ್ತದೆ ಎಂಬುದು ಸರ್ಕಾರದ ಮಟ್ಟದ ಮೇಲೆ ಹೋಗುತ್ತದೆ.

ದೇಶಗಳ ನಡುವೆ ಆದರೆ ಎರಡು ದಾರಿ. ಒಂದು ಘೋಷಣೆ: ನಾಯಕರು ಸಹಿ ಹಾಕುತ್ತಾರೆ, ಸಂಸತ್ತಿನ ಅನುಮೋದನೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಮರುದಿನದಿಂದಲೇ ಕೆಲಸ ಶುರು. ಇನ್ನೊಂದು ಒಪ್ಪಂದ, ಅಂದರೆ ಕಾನೂನಿನ ಪ್ರಕಾರ ದೇಶಗಳನ್ನು ಕಟ್ಟಿಹಾಕುವ ದಾಖಲೆ. ಇದಕ್ಕೆ ಸಹಿ ಮಾತ್ರ ಸಾಲದು. ಪ್ರತಿ ದೇಶವೂ ತನ್ನ ಸಂವಿಧಾನ ಹೇಳಿದ ರೀತಿಯಲ್ಲಿ ಅನುಮೋದಿಸಬೇಕು. ಅಂಥ ಒಪ್ಪಂದವನ್ನು ವಿಶ್ವಸಂಸ್ಥೆಯಲ್ಲಿ ನೋಂದಾಯಿಸಬೇಕು ಎಂದು ಅದರ ಸನ್ನದಿನ 102ನೇ ವಿಧಿ ಹೇಳುತ್ತದೆ. ನೋಂದಾಯಿಸದ ಒಪ್ಪಂದವನ್ನು ವಿಶ್ವಸಂಸ್ಥೆಯ ಯಾವ ಅಂಗದ ಮುಂದೆಯೂ ಆಧಾರವಾಗಿ ತೋರಿಸುವಂತಿಲ್ಲ.

ಘೋಷಣೆಯಿಂದ ಶುರು ಮಾಡುವುದರಲ್ಲಿ ತಪ್ಪೇನಿಲ್ಲ. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಹುಟ್ಟಿದ್ದು 1967ರ ಬ್ಯಾಂಕಾಕ್ ಘೋಷಣೆಯಿಂದ, ಅದೂ ಬಹಳ ಚಿಕ್ಕ ದಾಖಲೆ. ಪೂರ್ಣ ಪ್ರಮಾಣದ ಸನ್ನದು ಜಾರಿಗೆ ಬಂದಿದ್ದು 2008ರಲ್ಲಿ. ಉತ್ತರ ಯುರೋಪಿನ ದೇಶಗಳ ನಾರ್ಡಿಕ್ ಕೌನ್ಸಿಲ್ ಕೂಡ ಹಾಗೆಯೇ. 1952ರಲ್ಲಿ ಸ್ಥಾಪನೆ, ಹೆಲ್ಸಿಂಕಿ ಒಪ್ಪಂದ 1962ರಲ್ಲಿ. ಮೊದಲು ಕೆಲಸ, ಆಮೇಲೆ ಕಾನೂನು ಎಂಬ ಈ ಕ್ರಮ ನನಗಂತೂ ಸರಿ ಅನ್ನಿಸುತ್ತದೆ. ಆದರೆ ಮಂಡಳಿ ಹಣ ಇಟ್ಟುಕೊಳ್ಳಬೇಕು, ನೌಕರರನ್ನು ನೇಮಿಸಬೇಕು, ಆಸ್ತಿ ಹೊಂದಬೇಕು ಎಂದಾದರೆ ಘೋಷಣೆಯಿಂದ ಆಗುವುದಿಲ್ಲ. ಅದಕ್ಕೆ ಕಾನೂನುಬದ್ಧ ವ್ಯಕ್ತಿತ್ವ ಬೇಕು. ಅಂದರೆ ಮಂಡಳಿ ತನ್ನ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆಯಬಹುದು, ಕರಾರು ಮಾಡಬಹುದು, ಕೋರ್ಟಿಗೆ ಹೋಗಬಹುದು ಎಂಬ ಮಾನ್ಯತೆ.

ಒಂದೇ ದೇಶದೊಳಗಿನ ರಾಜ್ಯಗಳಾದರೆ ಸಂವಿಧಾನವನ್ನೇ ತೆರೆದು ನೋಡಬೇಕು. ಭಾರತದಲ್ಲಿ 263ನೇ ವಿಧಿಯಡಿ ಅಂತರರಾಜ್ಯ ಮಂಡಳಿ 1990ರಲ್ಲಿ ಬಂತು. ವಲಯ ಮಂಡಳಿಗಳು ಅದಕ್ಕಿಂತ ಹಳೆಯವು, 1956ರ ರಾಜ್ಯ ಪುನರ್‌ವಿಂಗಡಣಾ ಕಾಯ್ದೆಯಿಂದ ಬಂದವು. ಇವು ಸಲಹೆ ಕೊಡುವ ಮಂಡಳಿಗಳು, ಆದೇಶ ಹೊರಡಿಸುವಂಥವಲ್ಲ. ಅಮೆರಿಕದಲ್ಲಿ ರಾಜ್ಯಗಳು ತಮ್ಮತಮ್ಮಲ್ಲೇ ಕರಾರು ಮಾಡಿಕೊಳ್ಳಬಹುದು. ಅದು ಒಕ್ಕೂಟ ಸರ್ಕಾರದ ಅಧಿಕಾರವನ್ನು ಮುಟ್ಟುವಂತಿದ್ದರೆ ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಒಪ್ಪಿಗೆ ಬೇಕು.

ಗಡಿಯಾಚೆಗಿನ ನಗರಸಭೆಗಳ ಜೊತೆ ಸೇರುವುದಾದರೆ ಇನ್ನೂ ಹುಷಾರಾಗಿರಬೇಕು. ಬೇರೆ ದೇಶದ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಸ್ಥಳೀಯ ಸಂಸ್ಥೆಗೆ ತಾನಾಗಿಯೇ ಬರುವುದಿಲ್ಲ, ರಾಷ್ಟ್ರೀಯ ಕಾನೂನು ಅದನ್ನು ಕೊಡಬೇಕು. ಯುರೋಪಿನಲ್ಲಿ ಡಚ್–ಜರ್ಮನ್ ಗಡಿಯ ಊರುಗಳು 1958ರಲ್ಲೇ 'ಯುರೆಜಿಯೊ' ಎಂಬ ಕೂಟ ಕಟ್ಟಿಕೊಂಡಿದ್ದವು. ಅಂಥವಕ್ಕೆ ದಾರಿ ಮಾಡಿಕೊಡುವ ಮ್ಯಾಡ್ರಿಡ್ ಒಪ್ಪಂದ ಬಂದಿದ್ದು 1980ರಲ್ಲಿ. ಗಡಿ ದಾಟಿದ ಕೂಟಕ್ಕೆ ಸ್ವಂತ ಕಾನೂನುಬದ್ಧ ವ್ಯಕ್ತಿತ್ವ ಕೊಡುವ ಐರೋಪ್ಯ ಒಕ್ಕೂಟದ ನಿಯಮ ಬಂದಿದ್ದು 2006ರಲ್ಲಿ.

ಇಲ್ಲಿ ಎಡವುವ ಜಾಗ: ಎಂಒಯು, ಅಂದರೆ ತಿಳಿವಳಿಕೆ ಪತ್ರ. ಎರಡೂ ಕಡೆಯವರು ಸಹಿ ಹಾಕಿದ್ದಾರೆ, ಹಾಗಾಗಿ ಪಾಲಿಸಲೇಬೇಕು ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ಇಚ್ಛೆಯ ಪತ್ರ ಮಾತ್ರ. ಶೀರ್ಷಿಕೆ ನೋಡಿ ತೀರ್ಮಾನಿಸಬೇಡಿ. ಒಳಗಿನ ಭಾಷೆ ಬಾಧ್ಯತೆ ಹೇರುತ್ತದೆಯೋ ಇಲ್ಲವೋ ಎಂದು ಎರಡೂ ಕಡೆಯ ಕಾನೂನು ಅಧಿಕಾರಿಗಳಿಂದ ಬರೆಸಿಕೊಳ್ಳಿ.

ಹಂತ 3: ಯಾರು ಒಳಗೆ, ಯಾರು ಹೊರಗೆ

ಸಮಸ್ಯೆಯ ಕೀಲಿ ಯಾರ ಕೈಯಲ್ಲಿದೆಯೋ ಅವರು ಒಳಗಿರಬೇಕು. ಹೇಳುವುದು ಸುಲಭ. ಮೆಕಾಂಗ್ ನದಿ ಆಯೋಗದಲ್ಲಿ 1995ರಿಂದ ಕಾಂಬೋಡಿಯಾ, ಲಾವೋಸ್, ಥಾಯ್ಲೆಂಡ್, ವಿಯೆಟ್ನಾಂ ಸದಸ್ಯರು. ನದಿಯ ಮೇಲ್ಭಾಗದಲ್ಲಿರುವ ಚೀನಾ ಮತ್ತು ಮ್ಯಾನ್ಮಾರ್ ಸದಸ್ಯರಲ್ಲ, ಮಾತುಕತೆಯ ಪಾಲುದಾರರು. ಹಾಗಾಗಿ ಮೇಲಿನ ಅಣೆಕಟ್ಟುಗಳ ಬಗ್ಗೆ ಆಯೋಗ ಏನನ್ನೂ ಕಡ್ಡಾಯ ಮಾಡಲಾರದು. ಹಾಗಂತ ಕೈಕಟ್ಟಿ ಕೂರಲೂ ಇಲ್ಲ. ಮಳೆಗಾಲದ ನೀರಿನ ಮಟ್ಟದ ಮಾಹಿತಿಯನ್ನು ಚೀನಾ 2002ರಿಂದ ಹಂಚಿಕೊಳ್ಳತೊಡಗಿತು. ವರ್ಷಪೂರ್ತಿ ಕೊಡಲು 2020ರಲ್ಲಿ ಒಪ್ಪಿತು. ದೊಡ್ಡ ನೆರೆಯವರು ಸದಸ್ಯರಾಗಲು ಒಪ್ಪದಿದ್ದರೆ ಮಾಹಿತಿ ಹಂಚಿಕೆಗಾದರೂ ಒಪ್ಪಿಸಿ. ನೆರೆ ಬರುವ ಮುಂಚೆ ಎಚ್ಚರಿಕೆ ಸಿಗುವುದೇನು ಸಣ್ಣ ಲಾಭವೇ?

ಸದಸ್ಯರೆಲ್ಲ ಒಂದೇ ದರ್ಜೆಯ ಸರ್ಕಾರಗಳಾಗಿರಬೇಕೆಂದಿಲ್ಲ. 1999ರಿಂದ ಕೆಲಸ ಮಾಡುತ್ತಿರುವ ಬ್ರಿಟಿಷ್–ಐರಿಶ್ ಕೌನ್ಸಿಲಿನಲ್ಲಿ ಎರಡು ಸ್ವತಂತ್ರ ದೇಶಗಳ ಸರ್ಕಾರಗಳ ಜೊತೆ ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಆಡಳಿತಗಳೂ, ಮ್ಯಾನ್, ಜೆರ್ಸಿ, ಗರ್ನ್ಸಿ ದ್ವೀಪಗಳ ಸರ್ಕಾರಗಳೂ ಕೂರುತ್ತವೆ. ಅಲ್ಲಿ ಒಂದೊಂದು ವಿಷಯಕ್ಕೆ ಒಬ್ಬ ಸದಸ್ಯ ಮುಂದಾಳು. ಇದನ್ನು ಧಾರಾಳವಾಗಿ ಎರವಲು ಪಡೆಯಿರಿ. ಚಿಕ್ಕ ಸರ್ಕಾರಕ್ಕೂ ಒಂದು ವಿಷಯದ ಹೊಣೆ ಸಿಕ್ಕರೆ ಅದು ಸಭೆಗೆ ಬರೀ ಪ್ರೇಕ್ಷಕನಾಗಿ ಬರುವುದಿಲ್ಲ.

ಸರ್ಕಾರಗಳಲ್ಲದವರಿಗೂ ಜಾಗ ಬೇಕಾಗಬಹುದು. ಉತ್ತರ ಧ್ರುವ ಪ್ರದೇಶದ ಆರ್ಕ್ಟಿಕ್ ಕೌನ್ಸಿಲಿನಲ್ಲಿ ಎಂಟು ದೇಶಗಳ ಜೊತೆ ಮೂಲನಿವಾಸಿಗಳ ಆರು ಸಂಘಟನೆಗಳು ಕಾಯಂ ಭಾಗಿಗಳು. ತೀರ್ಮಾನ ದೇಶಗಳದ್ದೇ, ಆದರೆ ಈ ಸಂಘಟನೆಗಳ ಜೊತೆ ಸಮಾಲೋಚನೆ ಮಾಡಲೇಬೇಕು. ವೀಕ್ಷಕರನ್ನು, ಅಂದರೆ ಕೂತು ಕೇಳುವ, ಮತ ಹಾಕದ ಆಹ್ವಾನಿತರನ್ನು, ಮೊದಲ ಎರಡು ವರ್ಷ ಕರೆಯದೇ ಇದ್ದರೆ ಒಳ್ಳೆಯದು. ಮನೆಯವರೇ ಇನ್ನೂ ಮಾತಿಗೆ ಕೂತಿರುವುದಿಲ್ಲ, ಆಗಲೇ ನೆಂಟರಿಗೆ ಕುರ್ಚಿ ಹುಡುಕುವುದು ಯಾಕೆ?

ಹಂತ 4: ಏನನ್ನು ಚರ್ಚಿಸುವುದಿಲ್ಲ ಎಂದು ಬರೆದಿಡಿ

ನೆರೆಯವರೆಂದ ಮೇಲೆ ಹಳೆಯ ತಕರಾರು ಇದ್ದೇ ಇರುತ್ತದೆ. ಅದನ್ನು ಮಂಡಳಿಯ ಬಾಗಿಲ ಹೊರಗೆ ಬಿಡಬೇಕೋ ಒಳಗೆ ತರಬೇಕೋ ಎಂದು ಮೊದಲೇ ನಿರ್ಧರಿಸಿ. ಆರ್ಕ್ಟಿಕ್ ಕೌನ್ಸಿಲನ್ನು ಸ್ಥಾಪಿಸಿದ 1996ರ ಒಟ್ಟಾವಾ ಘೋಷಣೆ ಮಿಲಿಟರಿ ಭದ್ರತೆಯ ವಿಷಯವನ್ನು ಹೊರಗಿಟ್ಟಿತು. ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್‌ನ ಸನ್ನದಿನ 10ನೇ ವಿಧಿ ದ್ವಿಪಕ್ಷೀಯ ಮತ್ತು ವಿವಾದಾತ್ಮಕ ವಿಷಯಗಳನ್ನು ಚರ್ಚೆಯಿಂದ ದೂರವಿಡುತ್ತದೆ.

ಬರೆದಿಟ್ಟ ಮಾತ್ರಕ್ಕೆ ಕಾಪಾಡುತ್ತದೆ ಎಂದುಕೊಳ್ಳಬೇಡಿ. 2014ರ ಕಠ್ಮಂಡು ಶೃಂಗಸಭೆಯ ನಂತರ ಸಾರ್ಕ್‌ನ ಇನ್ನೊಂದು ಶೃಂಗಸಭೆ ನಡೆದೇ ಇಲ್ಲ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಿದ್ದ ಸಭೆ ಇಂಥದೇ ದ್ವಿಪಕ್ಷೀಯ ಬಿಕ್ಕಟ್ಟಿನಿಂದ, ಅಂದರೆ ಭಾರತ–ಪಾಕಿಸ್ತಾನದ ತಕರಾರಿನಿಂದ, ನಿಂತುಹೋಯಿತು. ಉಕ್ರೇನ್ ಯುದ್ಧ ಶುರುವಾದಾಗ, 2022ರ ಮಾರ್ಚಿನಲ್ಲಿ, ಆರ್ಕ್ಟಿಕ್ ಕೌನ್ಸಿಲಿನಲ್ಲಿ ರಷ್ಯಾ ಬಿಟ್ಟು ಉಳಿದ ಏಳು ದೇಶಗಳು ಕೆಲಸಕ್ಕೆ ತಾತ್ಕಾಲಿಕವಾಗಿ ತಡೆ ಹಾಕಿದವು. ಜಗಳದ ವಿಷಯ ಅಜೆಂಡಾದಲ್ಲಿ ಇಲ್ಲದಿದ್ದರೂ ಜಗಳವಾಡುವವರು ಸಭೆಯಲ್ಲಿರುತ್ತಾರಲ್ಲ.

ಅದಕ್ಕೇ ಒಂದು ಸಾಲು ಜಾಸ್ತಿ ಸೇರಿಸಿ: ನಾಯಕರ ಸಭೆ ನಿಂತರೂ ಅಧಿಕಾರಿಗಳ ಮತ್ತು ತಜ್ಞರ ಸಭೆ ನಡೆಯುತ್ತಲೇ ಇರತಕ್ಕದ್ದು, ಅದಕ್ಕೆ ಪ್ರತ್ಯೇಕ ಒಪ್ಪಿಗೆ ಬೇಡ. ನೀರಿನ ಮಟ್ಟದ ಮಾಹಿತಿ, ರೋಗದ ಎಚ್ಚರಿಕೆ, ಬೆಂಕಿ ನಂದಿಸುವ ನೆರವು ಇಂಥವು ರಾಜಕೀಯ ತಣ್ಣಗಾಗುವವರೆಗೆ ಕಾಯುವ ವಿಷಯಗಳಲ್ಲ.

ಹಂತ 5: ತೀರ್ಮಾನ ಹೇಗೆ ಮಾಡುತ್ತೀರಿ?

ಮೂರು ಪದಗಳನ್ನು ಜನ ಕಲಸಿಬಿಡುತ್ತಾರೆ. ಸರ್ವಾನುಮತ ಅಂದರೆ ಪ್ರತಿಯೊಬ್ಬರೂ "ಹೌದು" ಅನ್ನಬೇಕು. ಒಮ್ಮತ ಅಂದರೆ ಯಾರೂ "ಬೇಡ" ಅನ್ನಬಾರದು, ಸುಮ್ನೆ ಕೂತರೂ ತೀರ್ಮಾನ ಪಾಸಾಗುತ್ತದೆ. ಬಹುಮತ ಗೊತ್ತೇ ಇದೆ.

ಸಾರ್ಕ್‌ನಲ್ಲಿ ಎಲ್ಲ ಹಂತದಲ್ಲೂ ಸರ್ವಾನುಮತ ಬೇಕು. ಅಧಿಕಾರಿಗಳ ಸಣ್ಣ ಸಮಿತಿಯಲ್ಲೂ ಒಬ್ಬರು ತಲೆ ಅಲ್ಲಾಡಿಸದಿದ್ದರೆ ಫೈಲು ಅಲ್ಲಿಗೇ ನಿಲ್ಲುತ್ತದೆ. ಆಸಿಯಾನ್ ನಡೆಯುವುದು ಸಮಾಲೋಚನೆ ಮತ್ತು ಒಮ್ಮತದ ಮೇಲೆ. ಬಹುಮತಕ್ಕೆ ಒಪ್ಪಿಕೊಂಡವರೂ ಇದ್ದಾರೆ. ಡೆಲವೇರ್ ನದಿ ಕೊಳ್ಳದ ಆಯೋಗ 1961ರಲ್ಲಿ ಹುಟ್ಟಿತು. ನಾಲ್ಕು ರಾಜ್ಯಗಳು ಮತ್ತು ಅಮೆರಿಕದ ಒಕ್ಕೂಟ ಸರ್ಕಾರ, ಒಬ್ಬೊಬ್ಬರಿಗೆ ಒಂದೊಂದು ಮತ, ಸಾಮಾನ್ಯ ವಿಷಯಗಳು ಬಹುಮತದಲ್ಲಿ ತೀರ್ಮಾನ. ಅಷ್ಟು ಗಟ್ಟಿಯಾದ ಕಾನೂನು ಹಿಂದಿದ್ದರೆ ಇದು ನಡೆಯುತ್ತದೆ. ಸ್ವತಂತ್ರ ದೇಶಗಳ ಹೊಸ ಮಂಡಳಿಯಲ್ಲಿ ಇದನ್ನು ತರಲು ಹೋದರೆ ಮೊದಲ ಸಭೆಯಲ್ಲೇ ಯಾರಾದರೂ ಎದ್ದು ಹೋಗುತ್ತಾರೆ.

ನನ್ನ ಸಲಹೆ ಹೀಗೆ. ಹೊಸ ಸದಸ್ಯರ ಸೇರ್ಪಡೆ, ಸನ್ನದಿನ ತಿದ್ದುಪಡಿ ಮತ್ತು ವಂತಿಗೆಯ ಪ್ರಮಾಣ, ಈ ಮೂರಕ್ಕೆ ಸರ್ವಾನುಮತ. ಕಾರ್ಯಕ್ರಮಗಳಿಗೆ ಒಮ್ಮತ. ಸಭೆಯ ದಿನಾಂಕ, ಅಜೆಂಡಾ, ಉಪಸಮಿತಿ ರಚನೆ ಇಂಥ ದಿನನಿತ್ಯದ ವಿಷಯಗಳಿಗೆ ಬಹುಮತ. ಇದರ ಜೊತೆಗೆ, ಒಂದು ಯೋಜನೆಗೆ ಎಲ್ಲರೂ ಸೇರಲು ಆಗದಿದ್ದರೆ ಆಸಕ್ತಿ ಇರುವ ಇಬ್ಬರು ಮೂವರು ಮುಂದುವರಿಯಬಹುದು, ಉಳಿದವರು ಆಮೇಲೆ ಸೇರಬಹುದು ಎಂಬ ನಿಯಮ ಹಾಕಿ. ಇದೊಂದಿದ್ದರೆ ಎಷ್ಟೋ ಹಠಗಳು ತಾವಾಗಿಯೇ ಸಡಿಲವಾಗುತ್ತವೆ.

ಹಂತ 6: ಸಚಿವಾಲಯ

ಇಲ್ಲಿ ನಿಧಾನವಾಗಿ ಓದಿ. ಸಚಿವಾಲಯ ಅಂದರೆ ಮಂಡಳಿಯ ಕಾಯಂ ಕಚೇರಿ. ಅಜೆಂಡಾ ಸಿದ್ಧ ಮಾಡುವುದು, ನಡವಳಿ ಬರೆಯುವುದು (ಸಭೆಯಲ್ಲಿ ಏನು ತೀರ್ಮಾನವಾಯಿತು ಎಂಬ ಅಧಿಕೃತ ದಾಖಲೆ), ಯಾರು ಏನು ಮಾಡಬೇಕಿತ್ತು, ಮಾಡಿದರೇ ಎಂದು ಬೆನ್ನುಹತ್ತುವುದು, ಹಣದ ಲೆಕ್ಕ ಇಡುವುದು ಅದರ ಕೆಲಸ.

ಹೊಸ ಮಂಡಳಿಗಳು ಇದನ್ನು ಮುಂದೂಡುತ್ತವೆ. ಆಸಿಯಾನ್ ತನ್ನ ಸಚಿವಾಲಯ ಸ್ಥಾಪಿಸಿದ್ದು ಹುಟ್ಟಿ ಒಂಬತ್ತು ವರ್ಷದ ಮೇಲೆ, 1976ರಲ್ಲಿ. ಬ್ರಿಟಿಷ್–ಐರಿಶ್ ಕೌನ್ಸಿಲಿನ ಕಾಯಂ ಸಚಿವಾಲಯ ಎಡಿನ್‌ಬರೋದಲ್ಲಿ ತೆರೆದಿದ್ದು 2012ರಲ್ಲಿ. ಅಲ್ಲಿಯವರೆಗೆ ಎರಡು ದೊಡ್ಡ ಸರ್ಕಾರಗಳೇ ಆ ಕೆಲಸ ನೋಡಿಕೊಳ್ಳುತ್ತಿದ್ದವು. ಹಾಗೆ ಯಾರಾದರೂ ಭಾರ ಹೊರಲು ಸಿದ್ಧರಿದ್ದರೆ ಮುಂದೂಡಬಹುದು. ಇಲ್ಲದಿದ್ದರೆ ಬೇಡ.

ಸಚಿವಾಲಯವೇ ಇಲ್ಲದೆ ನಡೆಸುತ್ತಿರುವವರೂ ಇದ್ದಾರೆ. 1991ರ ವಿಶೆಗ್ರಾಡ್ ಗುಂಪಿನಲ್ಲಿ ಜೆಕ್, ಹಂಗೇರಿ, ಪೋಲೆಂಡ್, ಸ್ಲೊವಾಕಿಯಾ ಇವೆ. ಅಧ್ಯಕ್ಷತೆ ವರ್ಷಕ್ಕೊಬ್ಬರಿಗೆ ಹೋಗುತ್ತದೆ, ಆ ವರ್ಷದ ಕೆಲಸವನ್ನೆಲ್ಲ ಅಧ್ಯಕ್ಷ ದೇಶವೇ ನೋಡಿಕೊಳ್ಳುತ್ತದೆ. ಅವರ ಏಕೈಕ ಕಾಯಂ ಸಂಸ್ಥೆ ಅಂದರೆ 2000ದಲ್ಲಿ ಬ್ರಾಟಿಸ್ಲಾವಾದಲ್ಲಿ ತೆರೆದ ಒಂದು ನಿಧಿ. ನಾಲ್ಕೂ ದೇಶಗಳು ಸಮಪಾಲು ಹಾಕುತ್ತವೆ. ಆದರೆ ಅವರ ವಿದೇಶಾಂಗ ಇಲಾಖೆಗಳಲ್ಲಿ ಕೈತುಂಬ ಅಧಿಕಾರಿಗಳಿದ್ದಾರೆ. ಸಿಬ್ಬಂದಿ ಕಡಿಮೆ ಇರುವ ಸರ್ಕಾರಗಳು ಈ ದಾರಿ ಹಿಡಿದರೆ, ಯಾರ ಸರದಿ ಬಂದಾಗ ಏನೂ ಆಗಲಿಲ್ಲ ಎಂಬ ಲೆಕ್ಕ ಹಾಕುವುದೇ ಕೆಲಸವಾಗುತ್ತದೆ.

ಸಣ್ಣದಾಗಿ ಶುರು ಮಾಡಿ. ಒಬ್ಬ ಕಾರ್ಯದರ್ಶಿ, ಒಬ್ಬ ಲೆಕ್ಕ ನೋಡುವವರು, ವಿಷಯ ಬಲ್ಲ ಒಬ್ಬ ತಜ್ಞ, ಕಡತ ಮತ್ತು ಅನುವಾದಕ್ಕೆ ಒಬ್ಬಿಬ್ಬರು. ಬಾಡಿಗೆ ಕಚೇರಿ ಸಾಕು. ಸ್ವಂತ ಕಟ್ಟಡಕ್ಕೆ ಕಲ್ಲು ಹಾಕಿ, ನೌಕರರ ಸಂಬಳಕ್ಕೆ ಪರದಾಡುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯ ಕಥೆ.

ಈ ಕಚೇರಿಯ ಬಗ್ಗೆ ನಾಲ್ಕು ವಿಷಯ ಮೊದಲೇ ಬಗೆಹರಿಸಿ.

*ಕಚೇರಿ ಎಲ್ಲಿ?* ಅತಿ ದೊಡ್ಡ ಸದಸ್ಯನ ರಾಜಧಾನಿಯಲ್ಲಿ ಬೇಡ. ಉಳಿದವರು ಅದನ್ನು ಆ ಸರ್ಕಾರದ ಇನ್ನೊಂದು ಇಲಾಖೆ ಎಂದೇ ನೋಡುತ್ತಾರೆ. ಸಾರ್ಕ್ ಸಚಿವಾಲಯ ಕಠ್ಮಂಡುವಿನಲ್ಲಿದೆ, ಆರ್ಕ್ಟಿಕ್ ಕೌನ್ಸಿಲಿನದು ನಾರ್ವೆಯ ಟ್ರೊಮ್ಸೊ ಎಂಬ ಉತ್ತರದ ಊರಿನಲ್ಲಿದೆ. ಆತಿಥೇಯ ಸರ್ಕಾರದ ಜೊತೆ ಪ್ರತ್ಯೇಕ ಒಪ್ಪಂದ ಬೇಕು: ವೀಸಾ, ತೆರಿಗೆ, ಕಡತಗಳ ರಕ್ಷಣೆ ಎಲ್ಲ ಅದರಲ್ಲಿ ಬರಲಿ.

*ಮುಖ್ಯಸ್ಥರು ಯಾರು, ಎಷ್ಟು ವರ್ಷ, ಮುಂದಿನ ಸರದಿ ಯಾರದು?* ಇದನ್ನು ಬಾಯಿಮಾತಿಗೆ ಬಿಡಲೇಬೇಡಿ. ಪೆಸಿಫಿಕ್ ದ್ವೀಪಗಳ ಫೋರಂನಲ್ಲಿ ಪ್ರಧಾನ ಕಾರ್ಯದರ್ಶಿ ಹುದ್ದೆ ಉಪಪ್ರದೇಶಗಳ ನಡುವೆ ಸರದಿಯಲ್ಲಿ ಹೋಗಬೇಕು ಎಂಬ ತಿಳಿವಳಿಕೆ ಇತ್ತು, ಬರಹದಲ್ಲಿ ಇರಲಿಲ್ಲ. 2021ರಲ್ಲಿ ತಮ್ಮ ಸರದಿ ತಪ್ಪಿತು ಎಂದು ಮೈಕ್ರೊನೇಷ್ಯಾದ ಐದು ದೇಶಗಳು ಹೊರಹೋಗುವುದಾಗಿ ಘೋಷಿಸಿದವು. 2022ರ ಸುವಾ ಒಪ್ಪಂದದಿಂದ ಹೆಚ್ಚಿನವರು ಉಳಿದರು, ಕಿರಿಬಾಟಿ ಮಾತ್ರ ಹೊರಗೆ ಹೋಗಿ 2023ರಲ್ಲಿ ಮರಳಿತು. ಒಂದು ಪ್ಯಾರಾ ಬರೆದಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ.

*ನೌಕರರು ಯಾರಿಗೆ ಉತ್ತರ ಕೊಡಬೇಕು?* ಸದಸ್ಯ ಸರ್ಕಾರಗಳಿಂದ ನಿಯೋಜನೆಯ ಮೇಲೆ ಬಂದವರ ಬಡ್ತಿ, ವರ್ಗಾವಣೆ ತಮ್ಮ ಮೂಲ ಇಲಾಖೆಯ ಕೈಯಲ್ಲೇ ಇರುತ್ತದೆ. ಅವರ ಕಣ್ಣು ಆ ಕಡೆಯೇ ಇರುತ್ತದೆ, ಅದು ಸಹಜ. ಕನಿಷ್ಠ ಕಾರ್ಯದರ್ಶಿಯನ್ನಾದರೂ ಮಂಡಳಿಯೇ ನೇರವಾಗಿ ನೇಮಿಸಲಿ.

*ಯಾವ ಭಾಷೆ?* ಕಲಾಪದ ಭಾಷೆ ಒಂದಿರಲಿ, ಆದರೆ ತೀರ್ಮಾನಗಳು ಎಲ್ಲ ಸದಸ್ಯರ ಆಡಳಿತ ಭಾಷೆಯಲ್ಲೂ ಬರಲಿ. ಮೇಲಿನವರು ಒಪ್ಪಿದ್ದನ್ನು ಜಾರಿ ಮಾಡುವವರು ಕೆಳಗಿನ ಕಚೇರಿಯವರು. ಅವರಿಗೆ ಅರ್ಥವಾಗದ ಕಾಗದ ಕಪಾಟಿಗೆ ಹೋಗುತ್ತದೆ.

ಇನ್ನು ಸರ್ಕಾರಗಳ ಕಡೆ. ಪ್ರತಿ ಸದಸ್ಯ ಸರ್ಕಾರವೂ ಒಬ್ಬ ನೋಡಲ್ ಅಧಿಕಾರಿಯನ್ನು, ಅಂದರೆ ಮಂಡಳಿಯ ಎಲ್ಲ ಪತ್ರವ್ಯವಹಾರಕ್ಕೆ ಹೊಣೆಯಾದ ಒಬ್ಬರನ್ನು, ಆದೇಶದ ಮೂಲಕ ಹೆಸರಿಸಬೇಕು. ಅವರು ವರ್ಗವಾದರೆ ನಿಗದಿತ ದಿನಗಳೊಳಗೆ ಬದಲಿ ಹೆಸರು ಬರಬೇಕು. ನಡವಳಿಯಲ್ಲಿ ಪ್ರತಿ ತೀರ್ಮಾನದ ಎದುರಿಗೆ ಮೂರು ಕಾಲಂ ಇರಲಿ: ಯಾರು ಮಾಡಬೇಕು, ಯಾವಾಗ ಮುಗಿಯಬೇಕು, ಈಗ ಎಲ್ಲಿದೆ. ಮುಂದಿನ ಸಭೆ ಈ ಪಟ್ಟಿಯಿಂದಲೇ ಶುರುವಾಗಬೇಕು, ಸ್ವಾಗತ ಭಾಷಣಕ್ಕಿಂತ ಮೊದಲೇ. ಮೊದಮೊದಲು ಎಲ್ಲರಿಗೂ ಇರುಸುಮುರುಸಾಗುತ್ತದೆ. ಎರಡನೇ ಸಭೆಯಿಂದ ಕೆಲಸ ಮುಗಿಸಿಕೊಂಡೇ ಬರುತ್ತಾರೆ.

ಹಂತ 7: ಹಣ

ವಂತಿಗೆ ಹಂಚುವುದಕ್ಕೆ ಎರಡು ಮಾದರಿಗಳಿವೆ. ಸಮಪಾಲು: ಆಸಿಯಾನ್ ಸಚಿವಾಲಯದ ಖರ್ಚಿಗೆ ದೊಡ್ಡ ದೇಶವೂ ಚಿಕ್ಕ ದೇಶವೂ ವರ್ಷಕ್ಕೆ ಒಂದೇ ಮೊತ್ತ ಕೊಡುತ್ತವೆ. ಶಕ್ತಿಗೆ ತಕ್ಕ ಪಾಲು: ನಾರ್ಡಿಕ್ ಸಚಿವರ ಮಂಡಳಿಯಲ್ಲಿ ರಾಷ್ಟ್ರೀಯ ಆದಾಯ ನೋಡಿ ಪಾಲು ನಿಗದಿಯಾಗುತ್ತದೆ.

ಸಮಪಾಲಿನಲ್ಲಿ ಮರ್ಯಾದೆಯೂ ಸಮ, ಆದರೆ ಬಜೆಟ್ ಯಾವತ್ತೂ ಅತಿ ಬಡ ಸದಸ್ಯನ ಕೈಗೆಟುಕುವಷ್ಟೇ ಇರುತ್ತದೆ. ಶಕ್ತಿಗೆ ತಕ್ಕ ಪಾಲಿನಲ್ಲಿ ಹಣ ಜಾಸ್ತಿ ಬರುತ್ತದೆ, ಜೊತೆಗೆ "ನಾವೇ ತಾನೇ ಕೊಡುವುದು" ಎಂಬ ಮಾತೂ ಬರುತ್ತದೆ. ಎರಡನ್ನೂ ಬೆರೆಸಿ: ಕಚೇರಿ ಖರ್ಚಿಗೆ ಸಮಪಾಲು, ಯೋಜನೆಗಳಿಗೆ ಶಕ್ತಿಗೆ ಅಥವಾ ಲಾಭಕ್ಕೆ ತಕ್ಕ ಪಾಲು.

ವಂತಿಗೆ ಬಾಕಿ ಉಳಿಸಿದವರನ್ನು ಏನು ಮಾಡಬೇಕೆಂದು ಎಲ್ಲರೂ ಸ್ನೇಹದಿಂದಿರುವ ಮೊದಲ ದಿನಗಳಲ್ಲೇ ಬರೆಯಿರಿ. ಲೆಕ್ಕದ ಕರೆನ್ಸಿ ಯಾವುದು, ಆಡಿಟ್ ಯಾರು ಮಾಡುತ್ತಾರೆ ಎಂಬುದೂ ಅಲ್ಲೇ ಬರಲಿ. ಹೊರಗಿನ ದಾನಿಗಳ ಹಣವನ್ನು ಯೋಜನೆಗೆ ತೆಗೆದುಕೊಳ್ಳಿ, ಸಂಬಳಕ್ಕೆ ಬೇಡ. ಸಂಬಳ ಕೊಡುವವರು ಅಜೆಂಡಾವನ್ನೂ ಬರೆಯತೊಡಗುತ್ತಾರೆ.

ಹಂತ 8: ಈಗ ಸನ್ನದು ಬರೆಯಿರಿ

ಮೇಲಿನವನ್ನೆಲ್ಲ ಬಗೆಹರಿಸಿಕೊಂಡಿದ್ದರೆ ಇದು ಹೆಚ್ಚು ದಿನ ಹಿಡಿಯುವುದಿಲ್ಲ. ಉದ್ದೇಶ, ಸದಸ್ಯತ್ವ, ಅಂಗಗಳು (ನಾಯಕರ ಸಭೆ, ಸಚಿವರ ಸಭೆ, ಅಧಿಕಾರಿಗಳ ಸಮಿತಿ, ಸಚಿವಾಲಯ), ತೀರ್ಮಾನದ ರೀತಿ, ಕೋರಂ, ಹಣ, ತಿದ್ದುಪಡಿ, ವಿವಾದ ಪರಿಹಾರ, ಹೊರನಡೆ. ಕೋರಂ ಅಂದರೆ ಸಭೆ ಸಿಂಧುವಾಗಲು ಹಾಜರಿರಬೇಕಾದ ಕನಿಷ್ಠ ಸಂಖ್ಯೆ. ಕಚೇರಿಯ ದಿನನಿತ್ಯದ ನಿಯಮಗಳನ್ನು ಸನ್ನದಿನೊಳಗೆ ತುರುಕಬೇಡಿ, ಬೇರೆ ನಿಯಮಾವಳಿಯಲ್ಲಿ ಇಡಿ. ಇಲ್ಲದಿದ್ದರೆ ಸಭೆಯ ನೋಟಿಸಿನ ಅವಧಿ ಬದಲಿಸಲೂ ಎಲ್ಲ ಸಂಸತ್ತುಗಳ ಬಾಗಿಲು ತಟ್ಟಬೇಕಾಗುತ್ತದೆ.

ಎಲ್ಲರೂ ಅನುಮೋದಿಸುವವರೆಗೆ ಕಾಯಬೇಕೋ, ಇಂತಿಷ್ಟು ಜನ ಅನುಮೋದಿಸಿದರೆ ಅವರ ಮಟ್ಟಿಗೆ ಜಾರಿಯಾಗಬೇಕೋ ಎಂಬುದನ್ನು ಸ್ಪಷ್ಟ ಮಾಡಿ. ಮೂರ್ನಾಲ್ಕು ಸದಸ್ಯರಿದ್ದರೆ ಎಲ್ಲರಿಗೂ ಕಾಯಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಕಾಯುವುದು ಜಾಣತನವಲ್ಲ.

ಹಂತ 9: ಮೊದಲ ವರ್ಷ

ಜನರಿಗೆ ತಾಗುವ ಒಂದು ಫಲ ಬೇಗ ತೋರಿಸಿ. ನಾರ್ಡಿಕ್ ದೇಶಗಳಲ್ಲಿ ಕೌನ್ಸಿಲ್ ಹುಟ್ಟಿದ 1952ರಲ್ಲೇ ಡೆನ್ಮಾರ್ಕ್, ಫಿನ್ಲೆಂಡ್, ನಾರ್ವೆ, ಸ್ವೀಡನ್ ತಮ್ಮ ಪ್ರಜೆಗಳ ಪರಸ್ಪರ ಓಡಾಟಕ್ಕೆ ಪಾಸ್‌ಪೋರ್ಟ್ ಬೇಡ ಎಂದವು. 1954ರಲ್ಲಿ ಸಾಮಾನ್ಯ ಉದ್ಯೋಗ ಮಾರುಕಟ್ಟೆ ಬಂತು, ಅಂದರೆ ಪಕ್ಕದ ದೇಶದಲ್ಲಿ ಪರವಾನಗಿ ಇಲ್ಲದೆ ಕೆಲಸಕ್ಕೆ ಸೇರಬಹುದು. ಆಮೇಲೆ ಸಹಕಾರ ಬೇಡ ಎಂದು ಹೇಳುವ ರಾಜಕಾರಣಿಗೆ ಮತದಾರರೇ ಉತ್ತರ ಕೊಡುತ್ತಿದ್ದರು.

ನಿಮ್ಮಲ್ಲಿ ಅಷ್ಟು ದೊಡ್ಡದು ಆಗದಿರಬಹುದು. ಆಂಬ್ಯುಲೆನ್ಸ್ ಗಡಿ ದಾಟಲು ಅನುಮತಿ, ಎರಡೂ ಕಡೆ ನಡೆಯುವ ಒಂದು ಬಸ್ ಪಾಸ್, ಒಂದೇ ಪ್ರವಾಹ ಎಚ್ಚರಿಕೆ ಸಂಖ್ಯೆ ಸಾಕು. ಹದಿನೈದು ಕಾರ್ಯತಂಡ ಮಾಡಬೇಡಿ. ಎರಡು ಮಾಡಿ.

ಹಂತ 10: ಜಗಳ ಮತ್ತು ಹೊರನಡೆ

ಇದನ್ನು ಬರೆಯಲು ಯಾರಿಗೂ ಇಷ್ಟವಿರುವುದಿಲ್ಲ. ಮದುವೆ ಮಾತುಕತೆಯಲ್ಲಿ ವಿಚ್ಛೇದನದ ಮಾತೇಕೆ ಎನ್ನುತ್ತಾರೆ. ಆದರೂ ಬರೆಯಿರಿ.

ವಿವಾದ ಪರಿಹಾರದ ವ್ಯವಸ್ಥೆ ಇದ್ದರೆ ಸಾಲದು, ಅದು ತಾನಾಗಿ ಚಾಲೂ ಆಗಬೇಕು. ಅರಬ್ ಕೊಲ್ಲಿ ದೇಶಗಳ ಕೂಟವಾದ ಕೊಲ್ಲಿ ಸಹಕಾರ ಮಂಡಳಿಯ 1981ರ ಸನ್ನದಿನಲ್ಲಿ ವಿವಾದ ಪರಿಹಾರ ಆಯೋಗಕ್ಕೆ ಜಾಗವಿದೆ, ಆದರೆ ಅದು ಕಾಯಂ ಸಮಿತಿಯಲ್ಲ, ನಾಯಕರ ಸಭೆ ಪ್ರತಿ ಸಲ ಹೊಸದಾಗಿ ರಚಿಸಬೇಕು. 2017ರಲ್ಲಿ ಸೌದಿ, ಎಮಿರೇಟ್ಸ್, ಬಹ್ರೇನ್ ಸೇರಿ ಕತಾರ್ ಜೊತೆ ಸಂಬಂಧ ಕಡಿದುಕೊಂಡಾಗ ಮಧ್ಯಸ್ಥಿಕೆಗೆ ಓಡಾಡಿದ್ದು ಕುವೈತ್. ಬಿಕ್ಕಟ್ಟು ಬಗೆಹರಿದಿದ್ದು 2021ರ ಜನವರಿಯಲ್ಲಿ, ಅಲ್-ಉಲಾ ಶೃಂಗಸಭೆಯಲ್ಲಿ. ನಿಮ್ಮ ಸನ್ನದಿನಲ್ಲಿ ಮಧ್ಯಸ್ಥರ ಹೆಸರಿನ ಪಟ್ಟಿ ಮೊದಲೇ ಸಿದ್ಧವಿರಲಿ. ದೂರು ಬಂದ ಇಂತಿಷ್ಟು ದಿನದಲ್ಲಿ ಅವರು ಕೂರಲಿ, ಅದಕ್ಕೆ ಮತ್ತೆ ಎಲ್ಲರ ಒಪ್ಪಿಗೆ ಕೇಳುವಂತಿರಬಾರದು.

ಹೊರನಡೆಗೆ ಪೂರ್ವ ಆಫ್ರಿಕಾ ಸಮುದಾಯದ ಕಥೆ ಓದಿ. ಕೀನ್ಯಾ, ತಾಂಜಾನಿಯಾ, ಉಗಾಂಡಾ 1967ರಲ್ಲಿ ಕಟ್ಟಿಕೊಂಡ ಈ ಸಮುದಾಯಕ್ಕೆ ರೈಲು, ಬಂದರು, ಅಂಚೆ, ವಿಮಾನಯಾನ ಸಂಸ್ಥೆಗಳೆಲ್ಲ ಜಂಟಿಯಾಗಿದ್ದವು. ಲಾಭ ಸಮನಾಗಿ ಹಂಚಿಕೆಯಾಗುತ್ತಿಲ್ಲ ಎಂಬ ಅಸಮಾಧಾನ, ರಾಜಕೀಯ ವೈಮನಸ್ಯ ಸೇರಿ 1977ರಲ್ಲಿ ಅದು ಒಡೆಯಿತು. ಆಸ್ತಿ ಮತ್ತು ಸಾಲದ ಪಾಲು ಹಂಚುವ ಒಪ್ಪಂದಕ್ಕೆ 1984ರವರೆಗೆ ಕಾಯಬೇಕಾಯಿತು. ಮತ್ತೆ ಒಂದಾಗಲು ಒಪ್ಪಂದಕ್ಕೆ ಸಹಿ ಬಿದ್ದಿದ್ದು 1999ರಲ್ಲಿ.

ಹಾಗಾಗಿ ಹೊರನಡೆಯ ವಿಧಿಯಲ್ಲಿ ಇಷ್ಟು ಇರಲೇಬೇಕು. ಹೊರಹೋಗಲು ಕನಿಷ್ಠ ಒಂದು ವರ್ಷ ಮುಂಚೆ ಲಿಖಿತ ನೋಟಿಸು. ಆ ವರ್ಷದ ವಂತಿಗೆ ಪೂರ್ತಿ ಪಾವತಿ. ನಡೆಯುತ್ತಿರುವ ಯೋಜನೆಗಳಲ್ಲಿ ಒಪ್ಪಿಕೊಂಡ ಪಾಲು ಯೋಜನೆ ಮುಗಿಯುವವರೆಗೆ. ಜಂಟಿ ಆಸ್ತಿಯ ಬೆಲೆ ಕಟ್ಟುವವರು ಯಾರು, ಯಾವ ಸೂತ್ರದ ಮೇಲೆ. ಹೊರಹೋಗುವ ಸರ್ಕಾರದಿಂದ ಬಂದ ನೌಕರರ ಸಂಬಳ, ಪಿಂಚಣಿ ಯಾರ ಹೊಣೆ. ಕಡತಗಳ ಪ್ರತಿ ಯಾರಿಗೆ ಸಿಗಬೇಕು. ನೋಟಿಸಿನ ಅವಧಿಯೊಳಗೆ ಮನಸ್ಸು ಬದಲಾದರೆ ಒಂದು ಪತ್ರ ಬರೆದು ನೋಟಿಸು ಹಿಂಪಡೆಯಬಹುದು, ಅದಕ್ಕೆ ಹೊಸ ಅರ್ಜಿ ಬೇಡ ಎಂಬುದನ್ನೂ ಸೇರಿಸಿ.